ಬಾಗಿಲು ಕಾಣುವ ಕುರ್ಚಿ

ಮೊನ್ನೆ ಫೇಸ್‌ಬುಕ್ ಒಂದು ಹಳೆ ಫೋಟೊ ಎತ್ತಿ ತೋರಿಸಿತು. ಏಳೆಂಟು ವರ್ಷದ ಹಿಂದೆ ನನ್ನ ಅಕ್ಕನ ಮಗ ಗೆಳೆಯರ ಜೊತೆ ಗೋವಾಕ್ಕೆ ಹೋದಾಗ ತೆಗೆಸಿಕೊಂಡಿದ್ದು. ನನ್ನನ್ನೂ ಟ್ಯಾಗ್ ಮಾಡಿದ್ದ. ಪರ್ವರಿಯ ಒಂದು ರೆಸ್ಟೋರೆಂಟ್. ಮೇಜಿನ ಮುಂದೆ ಒಂದು ಪ್ರತಿಮೆ ಕೂತಿದೆ. ನಮ್ಮ ಹುಡುಗ ಅದರ ಹೆಗಲ ಮೇಲೆ ಕೈಹಾಕಿ ನಗುತ್ತಿದ್ದಾನೆ. ಕೆಳಗೆ 'ಚಾರ್ಲ್ಸ್ ಶೋಭರಾಜ್ ಜೊತೆ ಊಟ' ಅಂತ ಬರೆದಿದ್ದ. ಒಳ್ಳೆ ಲೈಕ್ ಬಿದ್ದಿದ್ದವು. ಅದರಲ್ಲಿ ನನ್ನದೂ ಒಂದು.

ಈ ಸಲ ಆ ಫೋಟೊ ನೋಡಿದಾಗ ಮನಸ್ಸಿಗೆ ಕಿರಿಕಿರಿ ಆಯಿತು. ಯಾಕೆ ಅಂತ ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಪುರುಸೊತ್ತು ಮಾಡಿಕೊಂಡು ಓದಿ.

ಮೊದಲು ಆ ಪ್ರತಿಮೆಯ ಮನುಷ್ಯ ಯಾರು ಅಂತ ಈಗಿನ ಹುಡುಗರಿಗೆ ಹೇಳಬೇಕು. ಹುಟ್ಟಿದ್ದು 1944ರಲ್ಲಿ, ಸೈಗಾನ್‌ನಲ್ಲಿ. ಅಪ್ಪ ಭಾರತದವ, ತಾಯಿ ವಿಯೆಟ್ನಾಂನವಳು, ಪೌರತ್ವ ಫ್ರಾನ್ಸಿನದು. ಎಪ್ಪತ್ತರ ದಶಕದಲ್ಲಿ ಯುರೋಪು, ಅಮೆರಿಕದ ಹುಡುಗ ಹುಡುಗಿಯರು ಬೆನ್ನಿಗೊಂದು ಚೀಲ ಹಾಕಿಕೊಂಡು ಕಠ್ಮಂಡು, ಬ್ಯಾಂಕಾಕ್, ಗೋವಾ ಅಂತ ಸುತ್ತುತ್ತಿದ್ದರಲ್ಲ, ಅವರೇ ಇವನ ಬೇಟೆ. ಸ್ನೇಹ ಬೆಳೆಸುವುದು, ಕುಡಿಯುವುದರಲ್ಲಿ ಮದ್ದು ಹಾಕುವುದು, ದುಡ್ಡು ಪಾಸ್‌ಪೋರ್ಟ್ ಕಸಿಯುವುದು. ಎಷ್ಟೋ ಜನ ಮತ್ತೆ ಏಳಲೇ ಇಲ್ಲ. ಹತ್ತಕ್ಕೂ ಹೆಚ್ಚು ಕೊಲೆಗಳಲ್ಲಿ ಇವನ ಹೆಸರು ಕೇಳಿಬಂತು. ಸತ್ತವರ ಪಾಸ್‌ಪೋರ್ಟಿಗೆ ತನ್ನ ಫೋಟೊ ಅಂಟಿಸಿಕೊಂಡು ದೇಶ ದೇಶ ತಿರುಗಿದ. ಸತ್ತವರಲ್ಲಿ ಹೆಚ್ಚಿನವರು ಇಪ್ಪತ್ತರಿಂದ ಮೂವತ್ತರೊಳಗಿನವರು. ನಮ್ಮ ಹುಡುಗ ಆ ಫೋಟೊ ತೆಗೆಸಿಕೊಂಡಾಗ ಅವನಿಗೂ ಅಷ್ಟೇ ವಯಸ್ಸು.

1976ರಲ್ಲಿ ದೆಹಲಿಯಲ್ಲಿ ಸಿಕ್ಕಿಬಿದ್ದ. ಫ್ರೆಂಚ್ ವಿದ್ಯಾರ್ಥಿಗಳ ಒಂದು ಗುಂಪಿಗೆ ಮದ್ದಿನ ಮಾತ್ರೆ ಕೊಟ್ಟಿದ್ದ. ಅದು ಅವನೆಣಿಸಿದ್ದಕ್ಕಿಂತ ಬೇಗ ಕೆಲಸ ಮಾಡಿತು. ಹೋಟೆಲಿನಲ್ಲೇ ಒಬ್ಬೊಬ್ಬರಾಗಿ ಕುಸಿಯತೊಡಗಿದರು. ಇನ್ನೂ ಎಚ್ಚರ ಇದ್ದವರು ಸೇರಿ ಇವನನ್ನು ಹಿಡಿದು ಹಾಕಿದರು. ಕೋರ್ಟು 12 ವರ್ಷ ಕೊಟ್ಟಿತು. ತಿಹಾರ್ ಜೈಲು ಸೇರಿದ.

1986ರ ಮಾರ್ಚ್ 16. ತಿಹಾರ್‌ನಲ್ಲಿ 'ನನ್ನ ಹುಟ್ಟುಹಬ್ಬ' ಅಂತ ಹೇಳಿ ಕಾವಲುಗಾರರಿಗೆ ಸಿಹಿ ಹಂಚಿದ. ಸಿಹಿಯಲ್ಲಿ ನಿದ್ದೆ ಮದ್ದು. ಎಲ್ಲರೂ ಮಲಗಿದ ಮೇಲೆ ಜೊತೆಗಾರರನ್ನು ಕರೆದುಕೊಂಡು ಗೇಟಿನಿಂದಲೇ ಹೊರಗೆ ನಡೆದ. ದೇಶದ ಅತಿ ದೊಡ್ಡ ಜೈಲು. ಪತ್ರಿಕೆಗಳಲ್ಲಿ ದಿನವೂ ಅದೇ ಸುದ್ದಿ.

ಇಲ್ಲಿಯವರೆಗಿನ ಕಥೆ ಬಹಳ ಜನರಿಗೆ ಗೊತ್ತು. ಇದರ ಮೇಲೆ ಪುಸ್ತಕ ಬಂದಿವೆ, ಸಿನಿಮಾ ಬಂದಿವೆ. ನನಗೆ ಹೇಳಬೇಕಿರುವುದು ಮುಂದಿನ 21 ದಿನದ ಬಗ್ಗೆ.

ಮುಂಬೈ ಪೊಲೀಸ್‌ನಲ್ಲಿ ಮಧುಕರ್ ಝೇಂಡೆ ಅಂತ ಒಬ್ಬ ಇನ್‌ಸ್ಪೆಕ್ಟರ್. 1971ರಲ್ಲಿ ಇದೇ ಶೋಭರಾಜ್‌ನನ್ನು ಮುಂಬೈನಲ್ಲಿ ಹಿಡಿದಿದ್ದವರು ಅವರೇ. ಆಮೇಲೆ ಅವನು ಕಾಯಿಲೆ ನಾಟಕ ಆಡಿ ಆಸ್ಪತ್ರೆಯಿಂದ ತಪ್ಪಿಸಿಕೊಂಡಿದ್ದ. ಆ ಮುಖ ಝೇಂಡೆ ಅವರ ತಲೆಯಲ್ಲಿ ಹದಿನೈದು ವರ್ಷ ಹಾಗೇ ಉಳಿದಿತ್ತು. ಅವನು ಗೋವಾದಲ್ಲಿರಬಹುದು ಅಂತ ಸುಳಿವು ಸಿಕ್ಕಾಗ ಸಣ್ಣ ತಂಡ ಕಟ್ಟಿಕೊಂಡು ಮಫ್ತಿಯಲ್ಲಿ ಹೊರಟರು.

ಮೊಬೈಲ್ ಇಲ್ಲ, ಸಿಸಿಟಿವಿ ಇಲ್ಲ, ಟವರ್ ಲೊಕೇಶನ್ ಇಲ್ಲ. ಗೋವಾ ಆಗ ಇನ್ನೂ ರಾಜ್ಯವೇ ಆಗಿರಲಿಲ್ಲ, ಕೇಂದ್ರಾಡಳಿತ ಪ್ರದೇಶ. ಸಾವಿರಾರು ವಿದೇಶಿ ಪ್ರವಾಸಿಗರು. ಅವರಲ್ಲಿ ಒಬ್ಬನನ್ನು ಹುಡುಕಬೇಕು, ಅದೂ ವೇಷ ಬದಲಿಸುವುದನ್ನೇ ಕಸುಬು ಮಾಡಿಕೊಂಡವನನ್ನು. ಝೇಂಡೆ ಮನುಷ್ಯನನ್ನು ಓದಿದರು. ಇಂಥವನಿಗೆ ಹೊರದೇಶಕ್ಕೆ ಫೋನ್ ಮಾಡದೆ ಇರಲಾಗದು. ಫೋನ್ ಎಲ್ಲಿದೆ? 1986ರಲ್ಲಿ ನಮ್ಮ ಕಾರವಾರದಿಂದ ಮುಂಬೈಗೆ ಮಾತಾಡಬೇಕು ಅಂದರೂ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದೆವು, ನಿಮಗೂ ನೆನಪಿರಬಹುದು. ವಿದೇಶಕ್ಕೆ ಮಾತಾಡುವ ಅನುಕೂಲ ಇದ್ದ ಜಾಗಗಳು ಬೆರಳೆಣಿಕೆಯಷ್ಟು. ಪರ್ವರಿಯ 'ಓ ಕೊಕೇರೊ' ಅಂಥ ಒಂದು ರೆಸ್ಟೋರೆಂಟ್, ನಮ್ಮ ಹುಡುಗನ ಫೋಟೊದಲ್ಲಿರುವುದು ಅದೇ. ಝೇಂಡೆ ಮತ್ತು ಅವರ ಜನ ಸಾಮಾನ್ಯ ಗಿರಾಕಿಗಳ ಹಾಗೆ ಅಲ್ಲಿ ಹೋಗಿ ಕೂತು ಕಾದರು.

ಈ 'ಕಾದರು' ಅನ್ನುವ ಒಂದು ಪದದ ಹತ್ತಿರ ಸ್ವಲ್ಪ ನಿಲ್ಲುತ್ತೇನೆ.

ನಮ್ಮ ಅಪ್ಪ ಪೊಲೀಸ್ ಹೆಡ್ ಕಾನ್‌ಸ್ಟೆಬಲ್. ಬಹಳ ವರ್ಷ ಕ್ರೈಂ ಡ್ಯೂಟಿ. ಒಮ್ಮೆ ಕೋರ್ಟಿಗೆ ಕರೆದೊಯ್ಯುವಾಗ ಪರಾರಿಯಾದ ಒಬ್ಬ ಸಜಾ ಕೈದಿಗಾಗಿ ಅಪ್ಪ ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಒಂಬತ್ತು ದಿನ ಕೂತಿದ್ದರು. ಹಳೆ ಪಂಚೆ, ಮಾಸಿದ ಅಂಗಿ, ಪಕ್ಕದಲ್ಲಿ ಒಂದು ಗೋಣಿಚೀಲ. ಮನೆಯಿಂದ ಹೊರಡುವಾಗ ಅಮ್ಮನ ಹತ್ತಿರ ನನ್ನ ಸೋದರಮಾವನ ಸವೆದ ಚಪ್ಪಲಿ ಕೇಳಿ ಇಸಿದುಕೊಂಡಿದ್ದರು. 'ಬಟ್ಟೆ ಎಲ್ಲರೂ ಬದಲಿಸ್ತಾರೆ. ಕಾಲು ನೋಡಿದರೆ ಪೊಲೀಸ್ ಅಂತ ಗೊತ್ತಾಗ್ತದೆ' ಅಂತ ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ. ಒಂಬತ್ತನೇ ದಿನ ಬೆಳಗಿನ ಜಾವ ಅವನು ಬಂದ. ಅಪ್ಪ ಹಿಡಿದರು. ಮನೆಗೆ ಬಂದಾಗ ಗಡ್ಡ ಬೆಳೆದಿತ್ತು, ಕಾಲು ಬಾತಿತ್ತು. ಸ್ನಾನ ಮಾಡಿ ಉಂಡು ಹದಿನಾಲ್ಕು ಗಂಟೆ ಮಲಗಿದರು. ಪೇಪರಿನಲ್ಲಿ ಬಂದಿದ್ದು ನಾಲ್ಕು ಸಾಲು. ಕೈದಿಯ ಹೆಸರು ಎರಡು ಸಲ ಇತ್ತು. ಅಪ್ಪನ ಹೆಸರು ಇರಲಿಲ್ಲ, 'ಮಫ್ತಿಯಲ್ಲಿದ್ದ ಪೊಲೀಸರು' ಅಂತಿತ್ತು. ಅಮ್ಮ ಆ ತುಂಡನ್ನು ಕತ್ತರಿಸಿ ರೇಷನ್ ಕಾರ್ಡಿನ ಜೊತೆ ಇಟ್ಟುಕೊಂಡಿದ್ದಳು.

ಮಫ್ತಿಯ ಕೆಲಸ ಅಂದರೆ ಸಿನಿಮಾದ ಹಾಗೆ ಓಡುವುದು, ಹಾರುವುದು ಅಲ್ಲ. ಮುಕ್ಕಾಲು ಪಾಲು ಕೂರುವುದು. ಸುಮ್ನೆ ಕೂತ ಹಾಗೆ ಕಾಣಬೇಕು, ಆದರೆ ಒಂದು ನಿಮಿಷವೂ ಸುಮ್ನೆ ಕೂರುವ ಹಾಗಿಲ್ಲ. ಮೂತ್ರಕ್ಕೆ ಎದ್ದು ಹೋದ ಹೊತ್ತಿಗೇ ಅವನು ಬಂದು ಹೋದರೆ? ಆ ಭಯದಲ್ಲಿ ಅಪ್ಪ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಿದ್ದರಂತೆ. ಆ ಅಭ್ಯಾಸ ರಿಟೈರ್ ಆದ ಮೇಲೂ ಬಿಡಲಿಲ್ಲ. ಯಾವ ಹೋಟೆಲಿಗೆ ಹೋದರೂ ಬಾಗಿಲು ಕಾಣುವ ಕುರ್ಚಿಯೇ ಬೇಕು. ಮೊಮ್ಮಕ್ಕಳು ಫ್ಯಾನ್ ಕೆಳಗೆ ಕೂರೋಣ ಅಂದರೂ ಕೇಳುತ್ತಿರಲಿಲ್ಲ.

ಏಪ್ರಿಲ್ 6, 1986ಕ್ಕೆ ಬರೋಣ. ಓ ಕೊಕೇರೊ ಮುಂದೆ ಒಂದು ಟ್ಯಾಕ್ಸಿ ನಿಂತಿತು. ಇಬ್ಬರು ಇಳಿದರು. ಒಬ್ಬನ ತಲೆ ಮೇಲೆ ಬಿಸಿಲಿನ ಟೋಪಿ. ಝೇಂಡೆ ನೋಡಿದರು. ಅದೇ ಮುಖ. ಎದ್ದು ಹೋಗಿ ಅವನನ್ನು ಬಿಗಿಯಾಗಿ ಹಿಡಿದು 'ಚಾರ್ಲ್ಸ್' ಅಂತ ಕೂಗಿದರು. ಅವನು ನಾನಲ್ಲ ಅಂತ ವಾದಿಸಿದ. 1971ರಲ್ಲಿ ನಿನ್ನನ್ನು ಹಿಡಿದವನು ನಾನೇ ಅಂತ ಝೇಂಡೆ ಹೇಳಿದ ಮೇಲೆ ಅವನ ಧೈರ್ಯ ಕುಸಿಯಿತು. ಕೈಕೋಳ ಕೂಡ ಜೊತೆಗಿರಲಿಲ್ಲ. ರೆಸ್ಟೋರೆಂಟಿನವರ ಹತ್ತಿರ ಹಗ್ಗ ಕೇಳಿ ಕಟ್ಟಿದರಂತೆ. ರಸ್ತೆ ಮೇಲೇ ಮುಂಬೈಗೆ ಕರೆದೊಯ್ದರು.

ಆವತ್ತು ಏಪ್ರಿಲ್ 6. ಶೋಭರಾಜ್‌ನ ನಿಜವಾದ ಹುಟ್ಟುಹಬ್ಬ. ಸುಳ್ಳು ಹುಟ್ಟುಹಬ್ಬದ ಸಿಹಿ ಹಂಚಿ ಓಡಿದವ ನಿಜದ ಹುಟ್ಟುಹಬ್ಬದ ದಿನ ಸಿಕ್ಕಿಬಿದ್ದ.

ಈ ಕಥೆ ಹೇಳಿದಾಗಲೆಲ್ಲ ಯಾರಾದರೊಬ್ಬರು ಹೇಳುತ್ತಾರೆ, 'ಅಯ್ಯೋ, ಅವನು ಬೇಕಂತಲೇ ಸಿಕ್ಕಿಕೊಂಡಿದ್ದು. ಅವನ ತಲೆ ಎಂಥದ್ದು ಗೊತ್ತಾ?' ಅದಕ್ಕೆ ಒಂದು ಕಾರಣವೂ ಇದೆ. ಥಾಯ್ಲೆಂಡಿನಲ್ಲಿ ಅವನ ಮೇಲೆ ಕೊಲೆ ಕೇಸಿತ್ತು, ಅಲ್ಲಿಗೆ ಹೋದರೆ ಮರಣದಂಡನೆ ಆಗಬಹುದಿತ್ತು. ಆ ವಾರಂಟಿನ ಅವಧಿ 20 ವರ್ಷ. ಇಲ್ಲಿನ ಶಿಕ್ಷೆ ಮುಗಿಯುತ್ತಾ ಬಂದಿತ್ತು. ಜೈಲು ಮುರಿದು ಓಡಿ ಮತ್ತೆ ಸಿಕ್ಕಿದರೆ ಇಲ್ಲೇ ಇನ್ನಷ್ಟು ವರ್ಷ ಕಳೆಯಬಹುದು, ಅಷ್ಟರಲ್ಲಿ ಅಲ್ಲಿನ ವಾರಂಟ್ ಸಾಯುತ್ತದೆ. ಆಗಿದ್ದೂ ಹಾಗೇ. 1997ರಲ್ಲಿ ಬಿಡುಗಡೆಯಾಗಿ ಫ್ರಾನ್ಸಿಗೆ ಹೋದ.

ಲೆಕ್ಕಾಚಾರ ಇದ್ದಿರಬಹುದು. ನಾನು ಇಲ್ಲ ಅನ್ನುವುದಿಲ್ಲ. ಆದರೆ ಸಿಕ್ಕಿಕೊಳ್ಳಬೇಕು ಅಂತಿದ್ದವನು ಯಾವುದಾದರೂ ಠಾಣೆಗೆ ನಡೆದು ಹೋಗಬಹುದಿತ್ತು. ಟೋಪಿ ಯಾಕೆ? ನಾನು ಚಾರ್ಲ್ಸ್ ಅಲ್ಲ ಅನ್ನುವ ವಾದ ಯಾಕೆ? ನನಗೆ ಸಿಟ್ಟು ಬರುವುದು ಇಲ್ಲೇ. ಕೊಲೆಗಾರ ತಪ್ಪಿಸಿಕೊಂಡರೆ ಅವನ ಬುದ್ಧಿವಂತಿಕೆ. ಸಿಕ್ಕಿಬಿದ್ದರೂ ಅವನದೇ ಬುದ್ಧಿವಂತಿಕೆ. ಹಾಗಾದರೆ ಮುಖ ನೆನಪಿಟ್ಟುಕೊಂಡು, ಊರು ಬಿಟ್ಟು ಬಂದು, ಕೂತು ಕಾದು, ಮದ್ದು ಹಾಕಿ ಕೊಲ್ಲುವವನನ್ನು ಬರಿಗೈಯಲ್ಲಿ ಹಿಡಿದ ಮನುಷ್ಯನ ಪಾಲಿಗೆ ಏನು ಉಳಿಯಿತು? ಎದುರಿನವನ ಹತ್ತಿರ ಏನಿದೆ ಅಂತ ಆ ಕ್ಷಣದಲ್ಲಿ ಅವರಿಗೇನು ಗೊತ್ತಿತ್ತು?

ಇಂಥದ್ದೇ ಇನ್ನೊಬ್ಬರಿದ್ದಾರೆ, ಹರ್ಮನ್ ಕ್ನಿಪ್ಪೆನ್‌ಬರ್ಗ್. ಪೊಲೀಸ್ ಅಲ್ಲ, ಬ್ಯಾಂಕಾಕ್‌ನ ಡಚ್ ರಾಯಭಾರ ಕಚೇರಿಯಲ್ಲಿದ್ದ ಒಬ್ಬ ಕಿರಿಯ ಅಧಿಕಾರಿ. ತಮ್ಮ ದೇಶದ ಒಂದು ಜೋಡಿ ಕಾಣೆಯಾಗಿದೆ ಅಂತ ಹುಡುಕಲು ಹೊರಟು, ಕೊನೆಗೆ ಶೋಭರಾಜ್‌ನ ವಿರುದ್ಧ ಸಾಕ್ಷ್ಯ ಕೂಡಿಹಾಕಿದವರು. ಆ ಕಾಗದಪತ್ರಗಳನ್ನು ದಶಕಗಳ ಕಾಲ ಎಸೆಯದೆ ಇಟ್ಟುಕೊಂಡರು. 2003ರಲ್ಲಿ ಶೋಭರಾಜ್ ಕಠ್ಮಂಡುವಿನಲ್ಲಿ ಸಿಕ್ಕಿಬಿದ್ದಾಗ ಅವು ಉಪಯೋಗಕ್ಕೆ ಬಂದವು. ನೇಪಾಳದಲ್ಲಿ ಜೀವಾವಧಿ ಶಿಕ್ಷೆ ಆಯಿತು. 2022ರ ಡಿಸೆಂಬರಿನಲ್ಲಿ ವಯಸ್ಸು, ಆರೋಗ್ಯ ನೋಡಿ ಅಲ್ಲಿನ ಸುಪ್ರೀಂ ಕೋರ್ಟ್ ಬಿಟ್ಟಿತು. ಆಗಲೂ ಎಲ್ಲ ಕಡೆ ಅವನ ಫೋಟೊನೇ.

ಪ್ರತಿಮೆ ಇಟ್ಟ ಹೋಟೆಲಿನವರನ್ನು ನಾನು ದೂರುವುದಿಲ್ಲ. ಜನ ಕೇಳುವುದನ್ನು ಅವರು ಇಟ್ಟರು. ಕೇಳಿದ್ದು ನಾವು. ಈ ಚಾಳಿ ಗೋವಾದ್ದು ಮಾತ್ರವೂ ಅಲ್ಲ. ನಮ್ಮಲ್ಲೇ ನೋಡಿ. ವೀರಪ್ಪನ್ ಮೀಸೆ ಯಾರಿಗೆ ಗೊತ್ತಿಲ್ಲ? ಅವನೂ 1986ರಲ್ಲಿ ಒಮ್ಮೆ ಬಂಧನದಲ್ಲಿದ್ದು ತಪ್ಪಿಸಿಕೊಂಡವನೇ. ಆಮೇಲೆ ಎಷ್ಟು ಹೆಣ ಬಿದ್ದವು! 1992ರ ಆಗಸ್ಟ್ 14ರಂದು ಬಾತ್ಮೀದಾರನ ಮಾತು ನಂಬಿ ಹೊರಟ ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹ್ಮದ್ ಮೀಣ್ಯಂ ಹತ್ತಿರ ಹೊಂಚಿಗೆ ಬಲಿಯಾದರು. 2004ರ ಅಕ್ಟೋಬರ್ 18ರ ರಾತ್ರಿ ವೀರಪ್ಪನ್ ಹತ್ತಿದ ಆಂಬುಲೆನ್ಸ್ ಓಡಿಸಿದವರೂ ಮಾರುವೇಷದ ಪೊಲೀಸರೇ. ಸ್ಟೀರಿಂಗ್ ಹಿಡಿದು, ಬೆನ್ನ ಹಿಂದೆ ಅಂಥವನನ್ನು ಕೂರಿಸಿಕೊಂಡು, ಏನೂ ಗೊತ್ತಿಲ್ಲದವರ ಹಾಗೆ ಕತ್ತಲಲ್ಲಿ ಗಾಡಿ ಓಡಿಸಿದ ಆ ಮನುಷ್ಯನ ಹೆಸರು ನಮ್ಮಲ್ಲಿ ಎಷ್ಟು ಜನ ಹೇಳಬಲ್ಲರು?

ಆದರೆ ಬೇರೆ ಥರ ನೆನಪಿಡುವ ಊರೂ ಇದೆ. ಗೋಪಿನಾಥಂ, ವೀರಪ್ಪನ್ ಹುಟ್ಟಿದ ಊರೇ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅಲ್ಲಿ ಜನರ ನಡುವೆ ಇದ್ದು ಮಾರಮ್ಮನ ಗುಡಿ ಕಟ್ಟಿಸಿದವರು. ವೀರಪ್ಪನ್ ಶರಣಾಗುತ್ತಾನೆ ಅನ್ನುವ ಮಾತು ನಂಬಿ 1991ರ ನವೆಂಬರ್ 10ರಂದು ಆಯುಧ ಇಲ್ಲದೆ ಹೋದರು. ವೀರಪ್ಪನ್ ಕಡೆಯವರು ಅವರನ್ನು ಕೊಂದು ತಲೆ ಕಡಿದರು. ಆ ಊರಿನ ಗುಡಿಯಲ್ಲಿ ಇವತ್ತಿಗೂ ಪೂಜೆ ಇರುವುದು ಶ್ರೀನಿವಾಸ್ ಅವರ ಫೋಟೊಗೆ. ವೀರಪ್ಪನ್‌ನ ಸ್ವಂತ ಊರಿನವರಿಗೆ ಯಾರ ಫೋಟೊ ಇಡಬೇಕು ಅಂತ ಗೊತ್ತಾಯಿತು.

ಇದನ್ನೆಲ್ಲ ನಿನ್ನೆ ರಾತ್ರಿ ಅಕ್ಕನ ಮಗನಿಗೆ ಫೋನ್ ಮಾಡಿ ಹೇಳಿದೆ. ಬೈಯುವುದಕ್ಕೆ ಮಾಡಿದ್ದಲ್ಲ. ಅವನು ಪೂರ್ತಿ ಕೇಳಿಸಿಕೊಂಡ. ಅಜ್ಜ ಬಸ್ ಸ್ಟ್ಯಾಂಡಿನಲ್ಲಿ ಕೂತ ಕಥೆ ಅವನಿಗೆ ಗೊತ್ತೇ ಇರಲಿಲ್ಲ. ಅವನಿಗೆ ನಾವ್ಯಾರೂ ಹೇಳಿರಲಿಲ್ಲ, ಅದು ನಮ್ಮ ತಪ್ಪು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮಾಮ, ಹಾಗಾದ್ರೆ ಝೇಂಡೆ ಅವರು ಎಲ್ಲಿ ಕೂತಿದ್ರು?' ಅಂತ ಕೇಳಿದ.

'ಫೋಟೊ ದೊಡ್ಡದು ಮಾಡಿ ನೋಡು ಮಾರಾಯ' ಅಂದೆ. 'ನಿನ್ನ ಬೆನ್ನ ಹಿಂದೆ ಖಾಲಿ ಕುರ್ಚಿಗಳು ಕಾಣ್ತವೆ. ಅದರಲ್ಲಿ ಯಾವುದರಿಂದ ಬಾಗಿಲು ಕಾಣ್ತದೆ ನೋಡು. ನಿಮ್ಮ ಅಜ್ಜ ಆಗಿದ್ರೆ ಅಲ್ಲೇ ಕೂರ್ತಿದ್ರು.'