ಗಡುವಿನ ಮಾತೇ ಇಲ್ವಲ್ಲ!

ಬೇರೆಯಾದ ಗಂಡ ಮಗುವಿನ ಖರ್ಚಿನಲ್ಲಿ ತನ್ನ ಪಾಲು ಕೊಡದಿದ್ದರೆ ಕೋರ್ಟಿಗೆ ಹೋಗಿ ಅಂತ ಬರೆದಿದ್ದೀರಿ. ಸರಿ, ಆದರೆ ಗಡುವು ಹೇಳಲೇ ಇಲ್ಲ. ಜೀವನಾಂಶದ ಆದೇಶ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಕಲಂನದ್ದಾದರೆ (ಈಗ ಅದರ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದ್ರೆ ಬಿಎನ್‌ಎಸ್‌ಎಸ್‌ನ 144), ಬಾಕಿ ಬಿದ್ದ 1 ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಬೇಕು. ಒಪ್ಪಿಗೆಯ ಡಿಕ್ರಿಯಾದರೆ (ಇಬ್ಬರೂ ಒಪ್ಪಿದ್ದರ ಮೇಲೆ ಕೋರ್ಟು ಕೊಟ್ಟ ತೀರ್ಪು) ದಾರಿ ಬೇರೆ. ಇಲ್ಲಿ ಮುಂಬೈಯಲ್ಲಿ ಬಾಂದ್ರಾ ಫ್ಯಾಮಿಲಿ ಕೋರ್ಟಿನಲ್ಲಿ ದರ್ಖಾಸ್ತ್ (ಡಿಕ್ರಿ ಜಾರಿ ಮಾಡಿಸುವ ಅರ್ಜಿ) ಹಾಕುತ್ತಾರೆ, ಸಂಬಳ ಜಪ್ತಿಯನ್ನೂ ಕೇಳಬಹುದು.

ಮುಲುಂಡಿನ ನಮ್ಮಕ್ಕನ ಒಪ್ಪಂದದಲ್ಲಿ ‘ಶಿಕ್ಷಣದ ಖರ್ಚು ಅರ್ಧರ್ಧ’ ಅಂತಷ್ಟೇ ಇತ್ತು. ಆ ಮನುಷ್ಯ ಶಾಲೆ ಫೀ ಕೊಟ್ಟರು. ವ್ಯಾನ್, ಟ್ಯೂಷನ್, ಮಳೆಗಾಲದ ರೇನ್‌ಕೋಟ್ ಅಂದ್ರೆ ‘ಅದೂ ಶಿಕ್ಷಣವಾ?’ ಅನ್ನುವುದು! ಹಾಗಾಗಿ ಸಹಿ ಹಾಕುವ ಮುಂಚೆ ಒಂದೊಂದೇ ಹೆಸರು ಹೇಳಿ ಬರೆಸಿಕೊಳ್ಳಿ. ರಸೀದಿ ಸಿಕ್ಕ ದಿನವೇ ಗಂಡನಿಗೆ ಇಮೇಲ್ ಮಾಡಿ. ವ್ಯಾನಿನವರ ಹತ್ರ ರಸೀದಿ ಕೇಳಿದರೆ ಸುಮ್ನೆ ನಗ್ತಾರೆ, ಅವರಿಗೆ ಯುಪಿಐನಲ್ಲೇ ಕೊಡಿ, ದಾಖಲೆ ಉಳಿಯುತ್ತೆ.