ಕೂಸಿಗೆ ಮುಂಚೆ ಕುಲಾವಿ, ಆಟಕ್ಕೆ ಮುಂಚೆ ಬಿಲ್ಡು

‘ಮುಂದೆ ಯಾವ ಆರ್‌ಪಿಜಿ ಆಡಲಿ?’ ನೋಡಲು ನಾಲ್ಕೇ ನಾಲ್ಕು ಪದ. ಆರ್‌ಪಿಜಿ ಅಂದರೆ ಪಾತ್ರವೊಂದನ್ನು ಕಟ್ಟಿ, ಬೆಳೆಸಿ, ಅದರ ಕಥೆಯೊಳಗೆ ಇಳಿದು ಆಡುವ ಆಟ. ಕೇಳಿದವನ ಕೈಯಲ್ಲಿ ಶನಿವಾರ ಸಂಜೆಯ ಎರಡು ಗಂಟೆ ಬಿಡುವಿದೆ, ಸಾಧಾರಣದ್ದೊಂದು ಕಂಪ್ಯೂಟರಿದೆ, ಡಿಸ್ಕಿನಲ್ಲಿ ಅಷ್ಟಿಷ್ಟು ಜಾಗವಿದೆ. ಭಾನುವಾರ ರಾತ್ರಿಯ ಹೊತ್ತಿಗೆ ಅವನ ಬಳಿ ಹದಿನಾಲ್ಕು ಆಟಗಳ ಪಟ್ಟಿ, ಮೂರು ಸ್ಪ್ರೆಡ್‌ಶೀಟು, ‘ಥ್ಯಾಕೊ’ ಎಂಬ ಹೊಸ ಶಬ್ದ, ಜೊತೆಗೆ ತಾನು ಇಷ್ಟು ದಿನ ಆಡಿದ್ದು ಯಾವುದೂ ಅಸಲಿ ಆರ್‌ಪಿಜಿಯೇ ಅಲ್ಲವೆಂಬ ಜ್ಞಾನೋದಯ ಇರುತ್ತವೆ. ಆಟವೊಂದು ಬಿಟ್ಟು ಎಲ್ಲ ಸಿಕ್ಕಿರುತ್ತದೆ.

ಸಲಹೆಗಾರರಲ್ಲಿ ಪಂಗಡಗಳಿವೆ. ಈ ಆಟಗಳ ಇನ್ನೊಂದು ಹೆಸರಾದ ಸಿಆರ್‌ಪಿಜಿಯ ‘ಸಿ’ ಅಂದರೆ ಕಂಪ್ಯೂಟರೋ ಕ್ಲಾಸಿಕ್ಕೋ ಎಂದು ಕಾದಾಡುವವರನ್ನು ಇಲ್ಲೇ ಬಿಟ್ಟುಬಿಡೋಣ. ಅವರ ಜಗಳ ಮುಗಿಯುವಷ್ಟರಲ್ಲಿ ಎಂಥ ಉದ್ದದ ಆಟವನ್ನಾದರೂ ಎರಡು ಸಲ ಆಡಿ ಮುಗಿಸಬಹುದು.

ಎಲ್ಲರಿಗಿಂತ ಮೊದಲು ಬರುವವರು ಕ್ರಮವಾದಿಗಳು. ‘ಬಾಲ್ಡರ್ಸ್ ಗೇಟ್ 3 ಆಡಬೇಕಾ ಗುರು? ಹಾಗಾದ್ರೆ 1998ರ ಮೊದಲನೇದ್ರಿಂದ ಶುರು ಮಾಡು. ಆಮೇಲೆ 2000ದ್ದು. ಆಮೇಲೆ ನೋಡೋಣ.’ ಅಕ್ಷರಾಭ್ಯಾಸಕ್ಕೆ ಬಂದವನನ್ನು ಶಾಸನ ಓದಲು ಕೂರಿಸಿದ ಹಾಗೆ. ಒಂದನೆಯದು ಮತ್ತು ಎರಡನೆಯದರ ಮಟ್ಟಿಗೆ ಈ ಮಾತು ನಿಜ. ಎರಡರಲ್ಲೂ ನಾಯಕ ಒಬ್ಬನೇ, ಮೊದಲನೆಯದರ ಸೇವ್ (ಆಟವನ್ನು ಉಳಿಸಿಟ್ಟ ಫೈಲು) ಎತ್ತಿಕೊಂಡು ಎರಡನೆಯದಕ್ಕೆ ಹೋಗಬಹುದು. ಪಿಲ್ಲರ್ಸ್ ಆಫ್ ಎಟರ್ನಿಟಿ (2015) ಮತ್ತು ಅದರ ಮುಂದಿನ ಭಾಗ ಡೆಡ್‌ಫೈರ್ (2018) ಕೂಡ ಹಾಗೆಯೇ. ಆದರೆ ಬಾಲ್ಡರ್ಸ್ ಗೇಟ್ 3ರ ಕಥೆ ನಡೆಯುವುದು ನೂರಕ್ಕೂ ಹೆಚ್ಚು ವರ್ಷಗಳ ನಂತರ. ಹಳಬರಲ್ಲಿ ಒಬ್ಬಿಬ್ಬರು ಮತ್ತೆ ಸಿಗುತ್ತಾರೆ, ನಿಜ. ಅವರ ಪೂರ್ವಾಪರ ಗೊತ್ತಿಲ್ಲದಿದ್ದರೂ ಆಟ ಎಲ್ಲೂ ನಿಲ್ಲುವುದಿಲ್ಲ.

ನಿಯಮಗಳಂತೂ ಪೂರ್ತಿ ಬೇರೆ. ಹಳೆಯ ಎರಡೂ ನಡೆಯುವುದು ಮೇಜಿನ ಸುತ್ತ ಕೂತು ದಾಳ ಉರುಳಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಎರಡನೇ ಆವೃತ್ತಿಯ ಮೇಲೆ. ಅಲ್ಲಿ ಆರ್ಮರ್ ಕ್ಲಾಸ್, ಅಂದರೆ ರಕ್ಷಣೆಯ ಅಂಕ, ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ನಿಮ್ಮ ಥ್ಯಾಕೊ ಎಂಬ ದಾಳಿಯ ಅಂಕದಿಂದ ಎದುರಾಳಿಯ ಆರ್ಮರ್ ಕ್ಲಾಸ್ ಕಳೆಯಬೇಕು. ಇಪ್ಪತ್ತು ಮುಖದ ದಾಳದಲ್ಲಿ ಅಷ್ಟೋ ಅದಕ್ಕಿಂತ ಹೆಚ್ಚೋ ಬಿದ್ದರೆ ಏಟು ತಗುಲಿತು ಎಂದರ್ಥ. ಥ್ಯಾಕೊ 20, ಎದುರಾಳಿಯ ಆರ್ಮರ್ 4 ಇದ್ದರೆ 16 ಬೀಳಬೇಕು. ಅವನು ಒಳ್ಳೆಯ ಕವಚ ತೊಟ್ಟು ಮೈನಸ್ 2ಕ್ಕೆ ಇಳಿದನೆನ್ನಿ, ಆಗ ಬೇಕಾದ್ದು 22. ದಾಳದಲ್ಲಿ 22 ಎಲ್ಲಿಂದ ಬಂತು? ನೇರ 20 ಬಿದ್ದರಷ್ಟೇ ಗತಿ. ಮೂರನೆಯ ಆಟ ಐದನೇ ಆವೃತ್ತಿಯದ್ದು, ಅಲ್ಲಿ ಆರ್ಮರ್ ಹೆಚ್ಚಿದ್ದಷ್ಟೂ ಒಳ್ಳೆಯದು. ಅಂದರೆ ಮೂರನೆಯದಕ್ಕೆ ತಯಾರಿ ಎಂದು ಮೊದಲನೆಯದನ್ನು ನೂರು ಗಂಟೆ ಕಲಿತವನು, ಮೂರನೆಯದಕ್ಕೆ ಬಂದಾಗ ಕಲಿತದ್ದನ್ನು ಮರೆಯುವುದಕ್ಕೆ ಇನ್ನೂ ಹತ್ತು ಗಂಟೆ ಕೊಡಬೇಕು. ‘ನೇರ ಮೂರನೇದಕ್ಕೇ ಹೋಗು, ಏನೂ ತೊಂದರೆ ಇಲ್ಲ’ ಎನ್ನಲು ಒಂದು ಸಾಲು ಸಾಕು. ಒಂದು ಸಾಲು ಹೇಳಿದವನನ್ನು ಯಾರು ತಾನೇ ಪಂಡಿತ ಎಂದಾರು?

ಎರಡನೆಯ ಪಂಗಡ ಬಿಲ್ಡು ಪಂಡಿತರದು. ಬಿಲ್ಡು ಅಂದರೆ ಪಾತ್ರಕ್ಕೆ ಯಾವ ಅಂಕ, ಯಾವ ವಿದ್ಯೆ, ಯಾವಾಗ ಎಂಬ ನೀಲನಕ್ಷೆ. ಮಿಕ್ಕವರೆಲ್ಲ ಇವರ ಮುಂದೆ ಬರೀ ಹವ್ಯಾಸಿಗಳು. ಪಾತ್‌ಫೈಂಡರ್: ರಾತ್ ಆಫ್ ದಿ ರೈಚಸ್ (2021) ಎಂಬ ಆಟದಲ್ಲಿ ಮೂಲ ಕ್ಲಾಸುಗಳೇ (ಯೋಧ, ಮಂತ್ರವಾದಿಯಂಥ ಕಸುಬುಗಳು) 25, ಒಂದೊಂದಕ್ಕೂ ಉಪಜಾತಿಗಳ ಸಾಲು, ಲೆವೆಲ್ 20ರವರೆಗೆ ಏರಿಕೆ, ಅದರ ಮೇಲೆ ಮಿಥಿಕ್ ಎಂಬ ಇನ್ನೊಂದು ಏಣಿ. ಪಂಡಿತರು ಆಟ ಶುರುವಾಗುವ ಮುಂಚೆಯೇ ಇಪ್ಪತ್ತೂ ಲೆವೆಲ್ಲಿನ ಪಂಚಾಂಗ ಬರೆದು ಕೊಡುತ್ತಾರೆ: ಮೊದಲ ಲೆವೆಲ್ ಈ ಕ್ಲಾಸು, ಮುಂದಿನ ಎರಡು ಆ ಕ್ಲಾಸು, ನಾಲ್ಕರಲ್ಲಿ ತಿರುಗಿ ಹಳೆಯದು, ಹನ್ನೊಂದಕ್ಕೆ ಶುಭಫಲ. ಬಿಲ್ಡು ಚೆನ್ನಾಗೇ ಇರುತ್ತದೆ. ಆದರೆ ಅದು ಹುಟ್ಟಿದ್ದು ಅತಿ ಕಠಿಣ ಮಟ್ಟಕ್ಕೆ, ಆಟದ ಉತ್ತರಾರ್ಧದಲ್ಲಿ ಸಿಗುವ ಯಾವುದೋ ಒಂದು ಕತ್ತಿಯನ್ನು ನಂಬಿಕೊಂಡು. ನಡುವಿನ ಐವತ್ತು ಗಂಟೆ ಆ ಪಾತ್ರ ಕುಂಟುತ್ತಲೇ ಇರುತ್ತದೆ. ‘ಇನ್ನೇನು ಹನ್ನೊಂದಾದ್ರೆ ಸರಿಹೋಗುತ್ತೆ’ ಎಂದು ಆಡುವವನು ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುತ್ತಿರುತ್ತಾನೆ.

ಅದೇ ಆಟದಲ್ಲಿ ಕಷ್ಟದ ಮಟ್ಟವನ್ನು ಯಾವಾಗ ಬೇಕಾದರೂ ಇಳಿಸಬಹುದು.  ಬಾಲ್ಡರ್ಸ್ ಗೇಟ್ 3ರಲ್ಲಿ ವಿದರ್ಸ್ ಎಂಬ ಅಸ್ಥಿಪಂಜರದಂಥ ಮುದುಕ ಸಿಕ್ಕಮೇಲೆ 100 ಚಿನ್ನ ಕೊಟ್ಟರೆ ಸಾಕು, ಕ್ಲಾಸನ್ನೇ ಬದಲಿಸಿ ಪಾತ್ರವನ್ನು ಮೊದಲಿಂದ ಕಟ್ಟಿಕೊಡುತ್ತಾನೆ. ಸಿಗುವುದೂ ಮೊದಲ ಅಂಕದಲ್ಲೇ. ಅವನ ಹೆಸರು ಹೇಳಿದರೆ ಅರ್ಧ ಪಂಡಿತರ ಅಂಗಡಿ ಬಾಗಿಲು ಹಾಕಿಕೊಳ್ಳುತ್ತದೆ. ಆದ್ದರಿಂದ ಹೇಳುವುದಿಲ್ಲ.

ಬಿಲ್ಡಿನ ಬಗ್ಗೆ ನಿಜಕ್ಕೂ ಎಚ್ಚರಿಸಬೇಕಾದ ಕಡೆ ಇದೇ ಪಂಡಿತರು ಮೌನ. ಫಾಲ್‌ಔಟ್ (1997) ಆಟದಲ್ಲಿ ತಿದ್ದಿಕೊಳ್ಳಲು ದಾರಿಯಿಲ್ಲ. ಆರಂಭದಲ್ಲೇ ಮೂರು ಕೌಶಲಗಳನ್ನು ಗುರುತು ಮಾಡಬೇಕು. ಹೊಸಬನ ಕಣ್ಣು ದೊಡ್ಡ ಬಂದೂಕಿನ ಮೇಲೆ ಬೀಳುತ್ತದೆ. ಅಂಥ ಬಂದೂಕು ಕೈಗೆ ಬರುವುದು ಎಷ್ಟೋ ಹೊತ್ತಿನ ಮೇಲೆ, ಅಲ್ಲಿಯವರೆಗೆ ಇಲಿ ಚೇಳುಗಳ ಜೊತೆ ಕುಸ್ತಿ. ಸಣ್ಣ ಬಂದೂಕು, ಮಾತುಗಾರಿಕೆ, ಮೂರನೆಯದು ಇಷ್ಟ ಬಂದದ್ದು, ಅಲ್ಲಿಗೆ ಮುಗಿಯಿತು. ಕಥೆಯಲ್ಲಿ ಹುಡುಕಿ ತರಬೇಕಾದ ನೀರಿನ ಯಂತ್ರದ ಚಿಪ್‌ಗೆ 150 ದಿನದ ಗಡುವಿದೆ ಎಂದು ಹೆದರಿ ಆಟವನ್ನೇ ಬಿಟ್ಟವರಿದ್ದಾರೆ. ಅದು ಆಟದೊಳಗಿನ ದಿನಗಳ ಲೆಕ್ಕ. ತಿಂಗಳುಗಟ್ಟಲೆ ವಿಶ್ರಾಂತಿ ಹೊಡೆಯದಿದ್ದರೆ ಸಾಕಾಗುತ್ತದೆ. ಪ್ಲೇನ್‌ಸ್ಕೇಪ್: ಟಾರ್ಮೆಂಟ್ (1999) ಆಟದಲ್ಲಿ ತೋಳ್ಬಲಕ್ಕೆ ಅಂಕ ಸುರಿದವನು ಅರ್ಧ ಆಟವನ್ನೇ ಕಳೆದುಕೊಂಡ. ಅಲ್ಲಿ ಹೊಡೆದಾಟ ಸಪ್ಪೆ, ಬಾಗಿಲುಗಳು ತೆರೆಯುವುದು ವಿವೇಕ, ಬುದ್ಧಿ, ವರ್ಚಸ್ಸುಗಳಿಗೆ. ಡಿಸ್ಕೊ ಎಲಿಸಿಯಂ (2019) ಆಟದಲ್ಲಿ ನಾಲ್ಕು ಗುಣಗಳಿಗೆ ಹಂಚಲು ಒಟ್ಟು 12 ಅಂಕ. ಬುದ್ಧಿಗೇ ಹೆಚ್ಚು ಸುರಿದು ದೇಹಕ್ಕೆ ಒಂದೇ ಒಂದು ಉಳಿಸಿದ ಮಹಾಜ್ಞಾನಿ, ಫ್ಯಾನಿಗೆ ಸಿಕ್ಕಿಕೊಂಡ ತನ್ನ ಟೈ ಎಳೆಯಲು ಹೋಗಿ ಎದೆ ಒಡೆದು ಸಾಯಬಹುದು. ಆಟ ಶುರುವಾಗಿ ಐದು ನಿಮಿಷವೂ ಆಗಿರುವುದಿಲ್ಲ. ಬಿಲ್ಡು ಪಂಡಿತರ ಬಗ್ಗೆ ಯಾರೂ ಇಷ್ಟು ಚೆನ್ನಾಗಿ ವಿಡಂಬನೆ ಬರೆದಿಲ್ಲ.

ಮೂರನೆಯವರು ಕಷ್ಟಜೀವಿಗಳು. ‘ಕಠಿಣಕ್ಕಿಂತ ಕೆಳಗಿನ ಮಟ್ಟದಲ್ಲಿ ಆಡಿದರೆ ಆಡಿದ ಲೆಕ್ಕವೇ ಅಲ್ಲ.’ ಅವರ ಮಾತು ನಂಬಿ ಪಾತ್‌ಫೈಂಡರ್: ಕಿಂಗ್‌ಮೇಕರ್ (2018) ಹಿಡಿದವನು ಶುರುವಿನಲ್ಲೇ ಒಂದು ಗುಹೆ ಹೊಕ್ಕು ಜೇಡಗಳ ಹಿಂಡಿಗೆ ಸಿಗುತ್ತಾನೆ. ಕತ್ತಿ ಬೀಸಿದರೂ ಸೊನ್ನೆ, ಬಾಣ ಬಿಟ್ಟರೂ ಸೊನ್ನೆ. ಹಿಂಡಿಗೆ ಆಯುಧದ ಏಟು ತಾಗುವುದಿಲ್ಲ, ಬೆಂಕಿ ಬೇಕು. ಸೀಸೆಯಲ್ಲಿ ಬರುವ ಆಲ್ಕೆಮಿಸ್ಟ್ ಬೆಂಕಿಯನ್ನು ನಾಲ್ಕೈದು ಕೊಂಡು ಎಸೆದರೆ ಮುಗಿಯಿತು. ಇದನ್ನು ಕೇಳಿದಾಗ ಕಷ್ಟಜೀವಿಗಳು ಕೊಡುವ ಉತ್ತರ: ‘ಹೋಗಿ ಕಲಿ.’ ಮುಂದೆ ಅವರೇ ಪ್ರತಿ ಕಾಳಗಕ್ಕೆ ಮುಂಚೆ ಹದಿನೈದು ರಕ್ಷಾಮಂತ್ರಗಳನ್ನು ಆರು ಜನರ ಮೇಲೂ ಒಂದೊಂದಾಗಿ ಹಾಕುತ್ತ ಕೂರುತ್ತಾರೆ. ಕಾಳಗ ಮೂವತ್ತು ಸೆಕೆಂಡು, ಮಂತ್ರಪಠಣ ಐದು ನಿಮಿಷ. ಬೇಸತ್ತ ಯಾರೋ ಪುಣ್ಯಾತ್ಮರು ಅಷ್ಟನ್ನೂ ಒಂದೇ ಗುಂಡಿಗೆ ಕಟ್ಟುವ ಮಾಡ್ (ಆಟವನ್ನು ಮಾರ್ಪಡಿಸಲು ಅಭಿಮಾನಿಗಳು ಬರೆಯುವ ಸೇರ್ಪಡೆ) ಬರೆದರು. ಕಷ್ಟಜೀವಿಗಳೇ ಅದನ್ನು ಮೊದಲು ಇಳಿಸಿಕೊಂಡರು.

ಮಾಡ್ ಎಂದಾಗ ನಾಲ್ಕನೆಯ ಪಂಗಡ ಎದ್ದು ನಿಲ್ಲುತ್ತದೆ. ಇವರ ಪ್ರಕಾರ ಯಾವ ಆಟವೂ ಅಂಗಡಿಯಿಂದ ಬಂದ ಹಾಗೆ ಆಡಲು ಯೋಗ್ಯವಲ್ಲ. ಅರ್ಧ ಸತ್ಯ, ಅದರಲ್ಲೂ ಹಳೆಯ ಆಟಗಳ ವಿಷಯದಲ್ಲಿ. ಆರ್ಕೇನಂ (2001), ವ್ಯಾಂಪೈರ್: ಬ್ಲಡ್‌ಲೈನ್ಸ್ (2004) ಎರಡಕ್ಕೂ ದೋಷ ತಿದ್ದಲು ಅಭಿಮಾನಿಗಳು ಬರೆದ ಅನಧಿಕೃತ ಪ್ಯಾಚ್ ಹಾಕದೆ ಕೂರುವುದು ದಡ್ಡತನ. ಸರಿ, ಪ್ಯಾಚ್ ಹಾಕಿ ಆಡು ಎಂದು ಬಿಡಬಹುದಲ್ಲ? ಇಲ್ಲ. ನಲವತ್ತೆರಡು ಮಾಡುಗಳ ಪಟ್ಟಿ ಬರುತ್ತದೆ, ಇದೇ ಕ್ರಮದಲ್ಲಿ ಹಾಕಬೇಕೆಂಬ ಎಚ್ಚರಿಕೆಯೊಡನೆ. ಹದಿನೇಳನೆಯದು ಮತ್ತು ಇಪ್ಪತ್ತನೆಯದು ಒಂದೇ ಫೈಲನ್ನು ತಿದ್ದುತ್ತವೆ, ಕೊನೆಗೆ ಹಾಕಿದ್ದು ಗೆಲ್ಲುತ್ತದೆ, ಮಾತುಕತೆಯ ಒಂದು ಸಾಲು ಮಾಯವಾಗಿ ಕಥೆ ನಲವತ್ತನೇ ಗಂಟೆಗೆ ಸಿಕ್ಕಿಕೊಳ್ಳುತ್ತದೆ. ನಡುವೆ ಆಟಕ್ಕೇ ಹೊಸ ಅಪ್‌ಡೇಟ್ ಬಂದರೆ ಹಳೆಯ ಸೇವ್ ತೆರೆಯುವುದೇ ಇಲ್ಲ. ಮೊದಲ ಸಲಕ್ಕೆ ದೋಷ ತಿದ್ದುವ ಪ್ಯಾಚ್ ಮಾತ್ರ, ಹೊಸ ಕಥೆ ಹೊಸ ಸಂಗಾತಿಗಳೆಲ್ಲ ಎರಡನೇ ಸಲಕ್ಕೆ, ಆಟದ ತಾನೇ ಅಪ್‌ಡೇಟ್ ಆಗುವ ವ್ಯವಸ್ಥೆಗೆ ಬೀಗ. ಮತ್ತೆ ಒಂದೇ ಸಾಲಿನ ಮಾತು, ಮತ್ತೆ ಯಾರಿಗೂ ಬೇಡ.

ಉದ್ದದ ಆರಾಧಕರನ್ನು ಮರೆಯುವಂತಿಲ್ಲ. ಟಾರ್ಮೆಂಟಿನಲ್ಲಿ ಸುಮಾರು ಎಂಟು ಲಕ್ಷ ಪದಗಳು, ಡಿಸ್ಕೊದಲ್ಲಿ ಹತ್ತು ಲಕ್ಷಕ್ಕೂ ಮೇಲೆ ಎಂದು ಎಣಿಸಿ ಹೇಳುತ್ತಾರೆ, ಧಾನ್ಯ ಅಳೆದು ಹಾಕಿದ ಹಾಗೆ. ಯಾವುದಾದರೂ ಆಟ ಬೇಸರ ತರಿಸಿತೆಂದರೆ ಅವರ ಮಂತ್ರ ಸಿದ್ಧ: ‘ಮೂವತ್ತು ಗಂಟೆ ತಾಳ್ಕೊ, ಆಮೇಲೆ ರುಚಿ ಹತ್ತುತ್ತೆ.’ ವಾರಕ್ಕೆ ಎರಡು ಗಂಟೆ ಇರುವವನಿಗೆ ಮೂವತ್ತು ಗಂಟೆ ಅಂದರೆ ಹದಿನೈದು ಶನಿವಾರ. ಹದಿನೈದು ಶನಿವಾರ ಬೇಸರಪಟ್ಟು ಹದಿನಾರನೆಯದಕ್ಕೆ ಖುಷಿಪಡುವ ಯೋಜನೆಗೆ ಮನರಂಜನೆ ಎಂದು ಹೆಸರು.

ಇನ್ನು ಶೇಕಡಾವಾರು ಭಕ್ತರು. ಆಟಗಳನ್ನು ಮಾರುವ ಜಾಲತಾಣವಾದ ಸ್ಟೀಮ್‌ನಲ್ಲಿ 95 ಶೇಕಡಾ ಎಂದರೆ ಆಟಕ್ಕೆ ನೂರಕ್ಕೆ ತೊಂಬತ್ತೈದು ಅಂಕ ಎಂದುಕೊಂಡಿರುತ್ತಾರೆ. ಅಲ್ಲಿರುವುದು ಹೆಬ್ಬೆರಳು ಮೇಲೆ ಇಲ್ಲವೇ ಕೆಳಗೆ, ಅಷ್ಟೇ. ವಿಮರ್ಶೆ ಬರೆದ ನೂರರಲ್ಲಿ ತೊಂಬತ್ತೈದು ಜನ ‘ಪರವಾಗಿಲ್ಲ’ ಎಂದರೂ ಅದೇ ಸಂಖ್ಯೆ ಬರುತ್ತದೆ. ಬುದ್ಧಿವಂತರು ನೋಡುವುದು ಹೆಬ್ಬೆರಳು ಕೆಳಗೆ ಮಾಡಿದವರನ್ನು, ಅದರಲ್ಲೂ ಹತ್ತಿಪ್ಪತ್ತು ಗಂಟೆ ಆಡಿದವರನ್ನು. ‘ಬರೀ ಓದೋದೇ ಆಯ್ತು’ ಎಂದು ಬೈದಿದ್ದರೆ ಓದುವ ಹುಚ್ಚಿನವರಿಗೆ ಅದೇ ಶಿಫಾರಸು. ‘ಒಂದೊಂದು ಕಾಳಗ ಅರ್ಧ ಗಂಟೆ’ ಎಂಬ ಗೊಣಗು ಸರದಿ ಪ್ರಕಾರ ಹೊಡೆದಾಡುವುದು ಇಷ್ಟವಿರುವವರ ಕಿವಿಗೆ ಸಂಗೀತ.

ಹಾಗೆ ನೋಡಿದರೆ ಆಯ್ಕೆಗೆ ಬೇಕಾದ ಪ್ರಶ್ನೆಗಳು ಮೂರೇ: ಓದುವುದು ಇಷ್ಟವೋ ಹೊಡೆದಾಟವೋ, ಕಾಳಗ ಸರದಿಯದೋ ನಿಲ್ಲಿಸಿ ನಿಲ್ಲಿಸಿ ಓಡಿಸುವುದೋ, ಕೈಯಲ್ಲಿ ಎಷ್ಟು ಶನಿವಾರಗಳಿವೆ. ಓದೇ ಸಾಕು ಎಂದರೆ ಡಿಸ್ಕೊ. ಚಿಕ್ಕದು ಬೇಕೆಂದರೆ ಫಾಲ್‌ಔಟ್ ಇಲ್ಲವೇ ಶಾಡೋರನ್: ಡ್ರ್ಯಾಗನ್‌ಫಾಲ್ (2014). ಸರದಿ ಕಾಳಗಕ್ಕೆ ಡಿವಿನಿಟಿ: ಒರಿಜಿನಲ್ ಸಿನ್ 2 (2017), ಅಲ್ಲಿ ದೇಹದ ಕವಚ, ಮಂತ್ರದ ಕವಚ ಎಂದು ಎರಡಿವೆ, ನಾಲ್ವರೂ ಒಂದೇ ಬಗೆಯ ಏಟು ಹೊಡೆದರೆ ಬೇಗ ಒಡೆಯುತ್ತದೆ, ಇಬ್ಬರು ಅದು ಇಬ್ಬರು ಇದು ಮಾಡಿದರೆ ಎರಡೂ ಅರ್ಧರ್ಧ ಉಳಿಯುತ್ತವೆ. ಎಲ್ಲವೂ ಬೇಕು, 150 ಜಿಬಿ ಜಾಗ ಮತ್ತು ಎಸ್‌ಎಸ್‌ಡಿ ಇದೆ ಎನ್ನುವವರಿಗೆ ಬಾಲ್ಡರ್ಸ್ ಗೇಟ್ 3. ಅಲ್ಲಿ ಮಾತ್ರ ರಾತ್ರಿ ಬಿಡಾರ ಹೂಡಲು ಜಿಪುಣತನ ಬೇಡ. ಸಂಗಾತಿಗಳ ಮಾತುಕತೆ ಅರಳುವುದೇ ಬಿಡಾರದಲ್ಲಿ, ಸಾಧಾರಣ ಮಟ್ಟದಲ್ಲಿ ಒಂದು ಪೂರ್ಣ ವಿಶ್ರಾಂತಿಗೆ 40 ಸಾಮಗ್ರಿ ಸಾಕು.

ಇಷ್ಟು ಹೇಳಲು ಒಂದು ಪ್ಯಾರಾ ಹಿಡಿಯಿತು. ಪ್ರಶ್ನೆ ಕೇಳಿದವನ ತನಕ ಅದು ಮುಟ್ಟಲಿಲ್ಲ. ಕ್ರಮವಾದಿಗಳು ಗೆದ್ದಿದ್ದರು. ಮುಂದಿನ ಶನಿವಾರ ಸಂಜೆ ಅವನು 1998ರ ಬಾಲ್ಡರ್ಸ್ ಗೇಟಿನ ಪರಿಷ್ಕೃತ ಆವೃತ್ತಿಯನ್ನು ಸ್ಟೀಮ್‌ನಲ್ಲಿ ಕೊಂಡು, ಪಾತ್ರ ಕಟ್ಟಲು ಕೂತ. ಆರು ಗುಣಗಳಿಗೆ ದಾಳ ಉರುಳುತ್ತದೆ, ಒಂದಕ್ಕೆ ಹೆಚ್ಚೆಂದರೆ 18ರಂತೆ. ಒಟ್ಟು ತೊಂಬತ್ತು ದಾಟದೆ ಆಟಕ್ಕಿಳಿಯುವುದು ಅವಮಾನ ಎಂದು ಬಿಲ್ಡು ಪಂಡಿತರು ತಾಕೀತು ಮಾಡಿದ್ದರು. ರೀರೋಲ್ ಒತ್ತಿದ, 78. ಒತ್ತಿದ, 81. ಒತ್ತಿದ, 76. ಸ್ಟೀಮ್‌ನಲ್ಲಿ ಹಣ ವಾಪಸು ಕೇಳಲು ಎರಡು ಷರತ್ತು: ಕೊಂಡು ಹದಿನಾಲ್ಕು ದಿನದೊಳಗಿರಬೇಕು, ಆಡಿದ್ದು ಎರಡು ಗಂಟೆಯೊಳಗಿರಬೇಕು. ದಾಳ ಉರುಳಿಸುವುದೂ ಆಡಿದ ಲೆಕ್ಕಕ್ಕೇ ಸೇರುತ್ತದೆ. ಎರಡು ಗಂಟೆ ಹತ್ತು ನಿಮಿಷವಾಗಿತ್ತು. ಆಟ ಶುರುವಾಗುವ ಕ್ಯಾಂಡಲ್‌ಕೀಪಿನ ಉಗ್ರಾಣದಲ್ಲಿ ಅವನ ಮೊದಲ ಸಾಹಸಕ್ಕೆಂದು ಇಟ್ಟ ಇಲಿಗಳು ಇನ್ನೂ ಕಾಯುತ್ತಲೇ ಇದ್ದವು. ಬೆಟ್ಟ ಅಗೆದಾಗಿತ್ತು, ಇಲಿ ಹಿಡಿಯುವುದು ಬಾಕಿ.

ಹನ್ನೊಂದು ಗಂಟೆಗೆ 93 ಬಂತು. ಅವನ ಕಣ್ಣು ಅದನ್ನು ಓದುವಷ್ಟರಲ್ಲಿ ಬೆರಳು ರೂಢಿಬಲದಿಂದ ಇನ್ನೊಮ್ಮೆ ಒತ್ತಿತ್ತು. 77. ಬಂದ ಅಂಕಗಳನ್ನು ಎತ್ತಿಟ್ಟು ಬೇಕೆಂದಾಗ ಮರಳಿ ತರಲು ಅದೇ ಪರದೆಯ ಮೇಲೆ ‘ಸ್ಟೋರ್’, ‘ರಿಕಾಲ್’ ಎಂಬ ಎರಡು ಗುಂಡಿಗಳಿದ್ದವು. ಅದನ್ನು ಯಾರೂ ಹೇಳಿರಲಿಲ್ಲ.