ಬರೀ ಒಂದು ಕಲ್ಲು

"ಇಷ್ಟೇನಾ? ಬರೀ ಒಂದು ಕಲ್ಲು ತೋರಿಸೋಕೆ ಇಷ್ಟು ದೂರ ಕರ್ಕೊಂಡು ಬಂದ್ಯಲ್ಲಮ್ಮಾ!"

ನಿನ್ನೆಯಿಂದ ಈ ಮಾತು ಕಿವಿಯಲ್ಲೇ ಕೂತಿದೆ. ಹೇಳಿದವರು ಊರಿಂದ ಬಂದಿರುವ ನಮ್ಮ ಭಾವ. (ಅವರು ಫೇಸ್‌ಬುಕ್‌ನಲ್ಲಿಲ್ಲ, ಬರೀ ವಾಟ್ಸಾಪ್. ಅದಕ್ಕೇ ನನಗೆ ಇಷ್ಟು ಧೈರ್ಯ.)

ನಾವಿರುವ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ಮಿಷನ್ ಅನ್ನುವ ಊರು ದಾಟಿದ ಮೇಲೆ ಹೆದ್ದಾರಿ 7ರ ಪಕ್ಕದಲ್ಲೇ ಇದೆ ಆ ಕಲ್ಲು. ಹ್ಯಾಟ್‌ಝಿಕ್ ಬಂಡೆ ಅಂತಾರೆ. ಇಲ್ಲಿನ ಮೂಲನಿವಾಸಿಗಳಾದ ಸ್ಟೋಲೊ ಜನರಿಗೆ ಅದು ಹೇಟಮ್. ಸ್ಟೋಲೊ ಅಂದರೆ ನದಿ, ನಮ್ಮ ಫ್ರೇಸರ್ ನದಿಯೇ. ಈ ಕಣಿವೆಯ ಸ್ಟೋಲೊ, ವ್ಯಾಂಕೂವರಿನ ಮಸ್ಕ್ವಿಯಂ, ಆಚೆ ವ್ಯಾಂಕೂವರ್ ದ್ವೀಪದ ಕೊವಿಚನ್ ಎಲ್ಲರ ಮಾತೂ ಹಾಲ್ಕೊಮೆಲೆಮ್. ಊರೂರಿಗೆ ಧಾಟಿ ಬೇರೆ, ಅಷ್ಟೇ.

ಮೊದಲೇ ಫೋನ್ ಮಾಡಿ, ಕೇಳಿಕೊಂಡು, ಎಲ್ಲರನ್ನೂ ಹೊರಡಿಸಿದ್ದೆ. ಮಳೆ ಹನಿಯುತ್ತಿತ್ತು. ಕಲ್ಲಿನ ಸಂದಿಯಲ್ಲೆಲ್ಲ ಪಾಚಿ ನೀರು ಕುಡಿದು ಹಸಿರಾಗಿತ್ತು. ಭಾವ ಒಂದು ಸುತ್ತು ಹಾಕಿದರು, ಮೊಬೈಲ್ ಜೇಬಿಗೆ ಹಾಕಿಕೊಂಡರು, ಆ ಮಾತು ಹೇಳಿದರು.

ಅಲ್ಲ ಭಾವ, ನಮ್ಮೂರ ಅರಳಿಕಟ್ಟೆ ಮೇಲೆ ಇರೋದೇನು? ಮೂರು ನಾಗರಕಲ್ಲು. ಮೂಗು ಸವೆದಿದೆ, ಹೆಡೆ ಸವೆದಿದೆ, ಅರಿಶಿನ ಮೆತ್ತಿ ಮೆತ್ತಿ ಕಲ್ಲು ಯಾವುದು ಅರಿಶಿನ ಯಾವುದು ಗೊತ್ತಾಗಲ್ಲ. ನೀವು ಅದರ ಮುಂದೆ ಚಪ್ಪಲಿ ಬಿಡದೆ ಹಾದು ಹೋದವರಲ್ಲ. ಅಲ್ಲಿ ಬರೀ ಕಲ್ಲು ಅನ್ನಿ ನೋಡೋಣ!

ಇದನ್ನು ಕಾರಿನಲ್ಲಿ ಕೇಳಿಯೂ ಬಿಟ್ಟೆ. "ಅದು ಬೇರೆ. ನಮ್ಮದಕ್ಕೆ ಪ್ರತಿಷ್ಠೆ ಆಗಿದೆ, ಮಂತ್ರ ಹೇಳಿ ಪ್ರಾಣ ತುಂಬಿದ್ದಾರೆ" ಅಂದರು. ಆಯ್ತು, ಒಪ್ಪಿದೆ. ಆದರೆ ಸ್ಟೋಲೊ ಜನರ ಪ್ರಕಾರ ಈ ಕಲ್ಲಿಗೆ ಯಾರೂ ಬಂದು ಪ್ರಾಣ ತುಂಬಬೇಕಾಗಿಲ್ಲ. ಅದು ಒಳಗೇ ಇದೆ. ಕಲ್ಲು, ಮರ, ಮೀನು, ಮನುಷ್ಯ ಎಲ್ಲದರಲ್ಲೂ ಇರುವ ಆ ಜೀವಕ್ಕೆ ಅವರು ಶ್ವೆಲಿ ಅನ್ನುತ್ತಾರೆ. ಇದ್ದದ್ದನ್ನೆಲ್ಲ ಊರಿಗೆ ಕೊಡುತ್ತಿದ್ದ ಒಬ್ಬ ಧಾರಾಳಿ ಸತ್ತ ಮೇಲೆ ಸೀಡರ್ ಮರವಾದ ಅಂತ ಅವರ ಕಥೆ. ಅದಕ್ಕೇ ಸೀಡರ್ ತೊಗಟೆ ಸುಲಿಯುವ ಮುಂಚೆ ಮರಕ್ಕೆ ನಾಲ್ಕು ಮಾತು ಹೇಳಿಯೇ ಮುಟ್ಟೋದು. ಈ ಕಲ್ಲಿಗೆ ಅವರು ಪೂಜೆ ಮಾಡಲ್ಲ, ಹಾಲೆರೆಯಲ್ಲ. ಆದರೆ ಒಳಗೆ ಮೂವರು ಇದ್ದಾರೆ ಅನ್ನೋದು ಅವರಿಗೆ ಗೊತ್ತು.

ಯಾರು ಆ ಮೂವರು? ಬಹಳ ಹಿಂದೆ ಲೋಕವನ್ನು ಸರಿಪಡಿಸುತ್ತಾ ಈ ನದಿಗುಂಟ ಬಂದವರು ಹೆಹಾಲ್ಸ್, ಕರಡಿಯ ಮಕ್ಕಳು. ಅವರು ಇಲ್ಲಿನ ಮೂವರು ಮುಖ್ಯಸ್ಥರಿಗೆ ಭಾಷೆಯನ್ನು ಬರೆಯುವ ವಿದ್ಯೆ ಕೊಟ್ಟು, ಎಲ್ಲರಿಗೂ ಕಲಿಸಿ ಅಂದರಂತೆ. ಇವರು ಕಲಿಸಲಿಲ್ಲ. ಹೆಹಾಲ್ಸ್ ಈ ಮೂವರನ್ನೂ ಒಟ್ಟುಗೂಡಿಸಿ ಕಲ್ಲು ಮಾಡಿಬಿಟ್ಟರು.

ಭಾಷೆ ಕಲಿಸದ್ದಕ್ಕೆ ಶಿಕ್ಷೆ! ಇದಕ್ಕಿಂತ ನಮ್ಮ ಕಥೆ ಬೇಕಾ?

ಭೂವಿಜ್ಞಾನದವರು ಇದು ಹಿಮನದಿ ಹೊತ್ತು ತಂದು ಬಿಟ್ಟುಹೋದ ಬಂಡೆ ಅಂತಾರೆ. ಇರಲಿ. ಗಂಡಕಿ ನದಿಯ ಸಾಲಿಗ್ರಾಮವೂ ಪಳೆಯುಳಿಕೆಯೇ, ಯಾರ ಮನೆಯವರು ತೆಗೆದು ಎಸೆದಿದ್ದಾರೆ?

1990ರಲ್ಲಿ ಈ ಜಾಗ ಸೈಟು ಮಾಡಿ ಮನೆ ಕಟ್ಟಲು ಸಮ ಮಾಡಲಾಗುತ್ತಿತ್ತು. ಪುರಾತತ್ವದವರೊಬ್ಬರ ಕಣ್ಣಿಗೆ ಬಿತ್ತು, ಕಲ್ಲು ಉಳಿಯಿತು. ಅಗೆದರೆ ಸುಮಾರು 5,000 ವರ್ಷ ಹಿಂದಿನ ಮನೆಯ ಕುರುಹು. 1992ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು. ಸ್ವಲ್ಪ ತಡವಾಗಿದ್ದರೆ ಯಾರದೋ ಗ್ಯಾರೇಜು ಆಗಿರುತ್ತಿತ್ತು.

ಭಾವನಿಗೆ ಇದನ್ನೂ ಹೇಳಿದೆ. ಅಷ್ಟು ಹೊತ್ತಿಗೆ ಅವರು ಊಟ ಎಲ್ಲಿ ಅಂತ ಕೇಳುತ್ತಿದ್ದರು. ಊಟಕ್ಕೆ ಚಪ್ಪರಿಸಿಕೊಂಡು ತಿಂದದ್ದು ಸಾಕೈ ಸಾಲ್ಮನ್ ಮೀನು. ಆ ಹೆಸರೂ ಹಾಲ್ಕೊಮೆಲೆಮ್ ಮಾತೇ, ಇಂಗ್ಲಿಷಿನವರ ಕಿವಿಗೆ ಬಿದ್ದು ಹಾಗಾಗಿದೆ. ಅವರ ಭಾಷೆಯನ್ನು ತಿನ್ನೋಕೆ ಯಾರಿಗೂ ಬೇಜಾರಿಲ್ಲ ನೋಡಿ.

ಮಾತಾಡೋಕೆ ಮಾತ್ರ ಬಿಡಲಿಲ್ಲ. ಮಿಷನ್ ಊರಿಗೆ ಆ ಹೆಸರು ಸುಮ್ನೆ ಬಂದದ್ದಲ್ಲ. ಕ್ರೈಸ್ತ ಮಿಷನರಿಗಳು ಅಲ್ಲಿ ಶುರು ಮಾಡಿದ್ದ ಸೇಂಟ್ ಮೇರೀಸ್ ವಸತಿ ಶಾಲೆಯಲ್ಲಿ ಸ್ಟೋಲೊ ಮಕ್ಕಳು ಮನೆಮಾತು ಆಡಿದರೆ ಶಿಕ್ಷೆ. ಅದು ಮುಚ್ಚಿದ್ದು 1984ರಲ್ಲಿ. ನಾನು ಆಗ ಒಂದನೇ ಕ್ಲಾಸಿನಲ್ಲಿ ಸ್ಲೇಟಿನ ಮೇಲೆ ಅ, ಆ ತೀಡುತ್ತಿದ್ದೆ. ನಾಮಕರಣದಂಥ ಸಮಾರಂಭಕ್ಕೆ ಊರನ್ನು ಕರೆದು ಊಟ ಹಾಕಿ ಉಡುಗೊರೆ ಹಂಚುವ ಪಾಟ್‌ಲ್ಯಾಚ್ ಕೂಡ 1885ರಿಂದ 1951ರವರೆಗೆ ಕಾನೂನಿನಲ್ಲೇ ಅಪರಾಧ.

ಭಾವನನ್ನು ಬೈದು ನಾನೇನೋ ದೊಡ್ಡವಳಾದ ಹಾಗೆ ಬರೆಯುತ್ತಿದ್ದೇನೆ, ಅಲ್ವಾ? ನಿಜ ಹೇಳ್ತೀನಿ. ಆ ಕಲ್ಲಿನ ಪಕ್ಕದಲ್ಲೇ ಒಂಬತ್ತು ವರ್ಷ ಕಾರು ಓಡಿಸಿದ್ದೇನೆ. ಒಮ್ಮೆಯೂ ನಿಲ್ಲಿಸಿರಲಿಲ್ಲ. ಹಾರಿಸನ್ ಬಿಸಿನೀರಿನ ಬುಗ್ಗೆಗೆ ಹೋಗುವ ಅವಸರ.

ಇನ್ನೊಂದೂ ಇದೆ. ಕಲ್ಲಿನ ಮುಂದೆ ನಿಂತು ಮೂವರು ಮುಖ್ಯಸ್ಥರ ಕಥೆಯನ್ನು ಮಗಳಿಗೆ ಕನ್ನಡದಲ್ಲಿ ಹೇಳಲು ಶುರು ಮಾಡಿದೆ. ಎರಡನೇ ವಾಕ್ಯಕ್ಕೇ ಅವಳ ಹುಬ್ಬು ಗಂಟಾಯಿತು. ಉಳಿದದ್ದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಹೇಳುತ್ತಾ ಹೇಳುತ್ತಾ ಕಲ್ಲಿನ ಕಡೆ ನೋಡಲು ನನಗೇ ಒಂಥರಾ ಆಯಿತು.

ಆಮೇಲೆ ಹಾರಿಸನ್‌ಗೆ ಹೋದೆವು. ಅಲ್ಲಿ ಸಾಸ್‌ಕ್ವಾಚ್ ಬೊಂಬೆ ಇದೆಯಲ್ಲ, ಕಾಡಿನ ಆ ದೈತ್ಯ. ಅದರ ಹೆಸರೂ ಹಾಲ್ಕೊಮೆಲೆಮ್‌ನಿಂದಲೇ ಬಂದದ್ದು. ಭಾವ ಅದರ ಸೊಂಟಕ್ಕೆ ಕೈ ಹಾಕಿ ಹನ್ನೊಂದು ಫೋಟೊ ತೆಗೆಸಿಕೊಂಡರು. ಇವತ್ತು ಬೆಳಗ್ಗೆಯಿಂದ ಅದೇ ಅವರ ವಾಟ್ಸಾಪ್ ಸ್ಟೇಟಸ್.